ನಾನು ಹಾಕಿದ ಆಣೆ

ನಮ್ಮ ಶಾಲೆಯ ಗಂಟೆ ಎಂದರೆ ಬೇವಿನ ಟೊಂಗೆಗೆ ತಂತಿಯಿಂದ ಕಟ್ಟಿದ್ದ ರೈಲು ಹಳಿಯ ತುಂಡು. ತಾಸಿಗೊಮ್ಮೆ ಒಂದೆರಡು ಪೆಟ್ಟು, ಸಂಜೆ ಶಾಲೆ ಬಿಡುವಾಗ ಮಾತ್ರ ನಿಲ್ಲಿಸದೆ ಬಾರಿಸುವ ಉದ್ದ ಗಂಟೆ. ಒಂದು ಮಂಗಳವಾರ ಆ ಉದ್ದ ಗಂಟೆ ಒಂದು ತಾಸು ಮೊದಲೇ ಬಾರಿಸಿತು.

ಮುಂಡರಗಿ ತಾಲೂಕಿನ ಸಣ್ಣ ಊರು ಅದು. ಹೆಸರು ಬೇಡ. ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ನಮಗೆ ಬರುವ ಕಾಗದಗಳಲ್ಲಿ ಅಚ್ಚಾಗಿದ್ದ ಧಾರವಾಡವನ್ನು ಪೆನ್ನಿನಿಂದ ಹೊಡೆದು ಮೇಲೆ ಗದಗ ಎಂದು ಬರೆದಿರುತ್ತಿದ್ದರು. ನನ್ನ ನೌಕರಿಯೂ ಅಷ್ಟೇ ಹೊಸದು. ದಿನಾಲೂ ಬೆಟಗೇರಿಯಿಂದ ಹೊರಟು, ಡಂಬಳದ ಮೇಲೆ ಹೋಗುವ ಬಸ್ಸು ಹಿಡಿದು, ಕೊನೆಗೆ ಎರಡು ಮೈಲು ನಡೆಯಬೇಕಿತ್ತು. ನಮ್ಮ ಓಣಿಯ ಮಗ್ಗದ ಮನೆಗಳಲ್ಲಿ ಬಿ.ಎ. ಮುಗಿಸಿದ ಮೊದಲ ಹೆಣ್ಣುಮಗಳು ನಾನು. ಇವತ್ತಿಗೂ ಇದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ. ಆ ದಿನಗಳಲ್ಲಂತೂ ಕೇಳದವರಿಗೂ ಹೇಳುತ್ತಿದ್ದೆ.

ಆ ಮಂಗಳವಾರ ನಾಲ್ಕನೆಯ ವರ್ಗಕ್ಕೆ ಭಾಗಾಕಾರದ ಲೆಕ್ಕ ಕೊಟ್ಟು, ಹಾಜರಿಯ ತಖ್ತೆ ತುಂಬಲು ಹೆಡ್‌ಮಾಸ್ತರರ ಕೋಣೆಗೆ ಹೋಗಿದ್ದೆ. ಇನ್ನೊಬ್ಬ ಮಾಸ್ತರರೂ ಅಲ್ಲೇ ಇದ್ದರು. ಗಂಟೆ ಕೇಳಿ ಹೊರಗೆ ಬರುವಷ್ಟರಲ್ಲಿ ಮಕ್ಕಳು ಊರಬಾಗಿಲ ಅಗಸಿಯ ತನಕ ಓಡಿಹೋಗಿದ್ದರು. "ಕುರಿ ಆಗಿದ್ರ ನಾಯಿ ಬಿಟ್ಟು ತಿರುವಬಹುದಿತ್ರಿ," ಎಂದರು ಹೆಡ್‌ಮಾಸ್ತರು. ಅರ್ಧ ತಾಸಿನಲ್ಲಿ ಶಾಲೆ ತಪಾಸಣೆಯ ಸಾಹೇಬರ ಜೀಪು ಬಂತು. ಖಾಲಿ ವರ್ಗಗಳನ್ನು ಒಂದೊಂದಾಗಿ ನೋಡಿ ಅವರು ಕೇಳಿದ್ದು ಇಷ್ಟೇ: "ಏನ್ರಿ, ಹೊಸ ಜಿಲ್ಲಾಕ್ಕ ಹೊಸ ಟೈಮೇನು?"

ಮರುದಿನ ಹೆಡ್‌ಮಾಸ್ತರು ನನ್ನ ಕಡೆ ತಿರುಗಿದರು. ಕಾರಣ ಕೇಳಿ ಕಾಗದ ಬರುವುದು ಖಚಿತವಾಗಿತ್ತು. "ಗಂಟಿ ಇರೋದು ನಿಮ್ಮ ವರ್ಗದ ಬಾಗಲಾ ಎದುರಿಗೆ. ಬಿ.ಎ. ಕಲ್ತೀರಿ, ಯಾರಂತ ಹಿಡದು ಕೊಡ್ರಿ."

ಹಿಡಿಯುವ ಉಪಾಯವನ್ನು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ. ಅದು ನಮ್ಮವ್ವನಿಂದ ಬಂದದ್ದು. ನಮ್ಮ ಮನೆಯಲ್ಲಿ ಬೆಲ್ಲ ಕಡಿಮೆಯಾದರೂ ನೂಲಿನ ಲಡಿ ಸಿಕ್ಕಾದರೂ ಅವ್ವ ನಮ್ಮನ್ನು ಸಾಲಾಗಿ ನಿಲ್ಲಿಸಿ ಆಣೆ ಮಾಡಿಸುತ್ತಿದ್ದಳು. ನಾನೂ ಮೂವತ್ತೆರಡು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿದೆ. "ಗಂಟಲ ಮುಟ್ಟಿ ಅವ್ವನ ಆಣಿ ಮಾಡಿ ಹೇಳ್ರಿ. ಸುಳ್ಳು ಹೇಳಿದ್ರ ಏನಾಗ್ತೈತಿ ನಿಮಗ ಗೊತ್ತೈತಿ."

ಒಬ್ಬ ಹುಡುಗ, "ಅಕ್ಕಾರ, ಅವ್ವ ಬ್ಯಾಡ್ರಿ, ನಮ್ಮ ಸೋದರಮಾವನ ಆಣಿ ನಡೀತೈತೇನ್ರಿ?" ಎಂದ. ವರ್ಗವೆಲ್ಲ ನಕ್ಕಿತು. ನಾನು ನಗಲಿಲ್ಲ. ಕಿಟಕಿಯ ಪಕ್ಕ ಕೂರುವ ಎರಡು ಜಡೆಯ ಹುಡುಗಿ ಎದ್ದು, ಪಕ್ಕದ ಗೆಳತಿಯನ್ನೊಮ್ಮೆ ನೋಡಿ, "ಅವ್ವನ ಆಣಿ, ನಾ ಹೊಡದಿಲ್ರಿ," ಎಂದು ಒಂದೇ ಉಸಿರಿಗೆ ಹೇಳಿ ಕೂತಳು. ಎಲ್ಲರೂ ಹಾಗೇ ಹೇಳಿದರು. ಯಾರೂ ಸಿಗಲಿಲ್ಲ.

ಶುಕ್ರವಾರ ಆ ಎರಡು ಜಡೆಯವಳ ತಾಯಿಗೆ ಹೊಟ್ಟೆನೋವು ಎದ್ದು, ಟೆಂಪೋದಲ್ಲಿ ಮಲಗಿಸಿಕೊಂಡು ಗದಗಿನ ದವಾಖಾನೆಗೆ ಒಯ್ದರು. ಕರುಳಿನ ಆಪರೇಷನ್ ಎಂದು ಊರಿಗೆ ಖಬರು ಬಂತು. ಆಗಲೂ ನನಗೆ ಏನೂ ಹೊಳೆಯಲಿಲ್ಲ.

ಸೋಮವಾರ ನಾನು ಶಾಲೆಗೆ ಬರುವಷ್ಟರಲ್ಲಿ ಹುಡುಗಿ ಬೇವಿನ ಗಿಡದ ಕೆಳಗೆ ನಿಂತಿದ್ದಳು. "ಅಕ್ಕಾರ, ನೀವು ದವಾಖಾನಿ ಮುಂದ ಹಾದು ಬಂದ್ರೇನ್ರಿ?"

"ಹೂಂ. ಬಸ್ಸು ಅಲ್ಲೇ ಹಾಯ್ತೈತಿ."

"ಮುಂದ ಭಾಳ ಮಂದಿ ನಿಂತಿದ್ರೇನ್ರಿ?"

"ದವಾಖಾನಿ ಮುಂದ ಮಂದಿ ಇರ್ತಾರಲ್ಲ. ಯಾಕ?"

ಚೀಲ ಹೆಗಲಿಗೇರಿಸಿಕೊಂಡು ಒಳಗೆ ಹೋದಳು. ಮಂಗಳವಾರವೂ ಅದೇ ಪ್ರಶ್ನೆ. ಮಂದಿ ನಿಂತಿದ್ದರೇ, ಹೆಂಗಸರು ಅಳುತ್ತಿದ್ದರೇ. ಅಂದು ಆಕೆಯ ಕತ್ತು ನೋಡಿದೆ. ಗಂಟಲಿನ ಮೇಲೆ ಉಗುರಿನ ಕೆಂಪು ಗೀರುಗಳು. ಪಾಠ ನಡೆದಾಗಲೂ ಅಲ್ಲೇ ಕೈ, ಒಳಗೇನೋ ಸಿಕ್ಕಿಕೊಂಡಿದೆ ಎನ್ನುವ ಹಾಗೆ ಕೆರೆಯುತ್ತಿದ್ದಳು. ಬುತ್ತಿಯ ಗಂಟು ಬಿಚ್ಚದೆ ಮನೆಗೆ ಒಯ್ಯುತ್ತಾಳೆಂದು ಬೇರೆ ಹುಡುಗಿಯರು ಹೇಳಿದರು. ತಾಯಿ ದೂರ ಇದ್ದಾಳೆ, ಅದಕ್ಕೆ ಎಂದುಕೊಂಡೆ. ಆದರೂ ಸಂಜೆ ಬಸ್ಸು ದವಾಖಾನೆಯ ಮುಂದೆ ಬಂದಾಗ, ಗೇಟಿನಲ್ಲಿ ಮಂದಿ ನಿಂತಿದ್ದಾರೆಯೇ ಎಂದು ನಾನೇ ಬಗ್ಗಿ ನೋಡತೊಡಗಿದ್ದೆ.

ಬುಧವಾರ ಮಧ್ಯಾಹ್ನದ ಸೂಟಿಯಲ್ಲಿ ಆಕೆಯ ಗೆಳತಿ ನನ್ನ ಹತ್ತಿರ ಬಂದಳು. ಶಾಲೆಯ ಎದುರು ಜರಡಿ, ತಗಡಿನ ಡಬ್ಬಿ ಮಾಡುವ ಮುಸಲ್ಮಾನರ ಮನೆಯ ಹುಡುಗಿ. ಮಾತು ಕಡಿಮೆ. ನನ್ನನ್ನು ಸಂಡಾಸಿನ ಗೋಡೆಯ ಮರೆಗೆ ಕರೆದು ನಿಂತುಕೊಂಡಳು.

"ಅಕ್ಕಾರ, ಆಕಿ ಸುಳ್ಳ ಆಣಿ ಮಾಡ್ಯಾಳ್ರಿ. ನನ್ನ ಸಲುವಾಗಿ."

"ಗಂಟಿ ಹೊಡದಾಕಿ ಆಕಿ ಏನು?"

"ಹೂಂ ರೀ." ಕಾಲ ಹೆಬ್ಬೆರಳಿನಿಂದ ಮಣ್ಣು ಕೆದರಿದಳು. "ಲೆಕ್ಕದ ತಾಸಿನ್ಯಾಗ ನಾ ಒಂದಕ್ಕ ಹೋಗಾಕ ಎರಡ ಸಲ ಬಳ್ಳು ತೋರ್ಸಿದ್ನಲ್ರಿ. ನೀವು ಕುಂಡ್ರು ಅಂದ್ರಿ. ನೀವು ಹೋದಮ್ಯಾಲೆ ನನಗ ತಡಕೊಳ್ಳಾಕ ಆಗ್ಲಿಲ್ರಿ. ಲಂಗಾ ತೊಯ್ತು. ಎದ್ರ ಎಲ್ಲಾರೂ ನೋಡ್ತಿದ್ರು. ನೀ ಏಳಬ್ಯಾಡ, ಎಲ್ಲಾರ್ನೂ ಮನಿಗೆ ಕಳಸ್ತೀನಿ ಅಂತ ಆಕಿ ಹೋದ್ಲು."

ಎಲ್ಲರನ್ನೂ ಮನೆಗೆ ಕಳಿಸಲು ಒಂಬತ್ತು ವರ್ಷದ ಹುಡುಗಿಗೆ ಹೊಳೆದ ದಾರಿ ಅದೊಂದೇ. ಗೆಳತಿ ಖಾಲಿ ವರ್ಗದಲ್ಲಿ ಒಬ್ಬಳೇ ಎದ್ದು, ಹಿಂದಿನ ಜಾಲಿಗಿಡಗಳ ಬದಿಯಿಂದ ಮನೆ ಸೇರಿದ್ದಳು. ಈಗ ಆ ನಾಚಿಕೆಯನ್ನೆಲ್ಲ ಬಿಟ್ಟು ನನ್ನ ಮುಂದೆ ನಿಂತು ಕೇಳಿದಳು: "ಆಕಿ ಅವ್ವ ಸಾಯ್ತಾಳೇನ್ರಿ?"

ನಾವು ಒರಗಿ ನಿಂತಿದ್ದ ಸಂಡಾಸಿಗೆ ಕೀಲಿ ಹಾಕಿತ್ತು. ಅದನ್ನು ಕಟ್ಟಿ ಆರು ತಿಂಗಳಾಗಿತ್ತು. ಸಾಹೇಬರು ಬಂದಾಗ ಸ್ವಚ್ಛ ಕಾಣಲಿ ಎಂದು ಕೀಲಿಕೈ ಹೆಡ್‌ಮಾಸ್ತರರ ಟೇಬಲ್ಲಿನೊಳಗೆ ಇರುತ್ತಿತ್ತು. ನನಗೆ ಬೇಕಾದಾಗ ನಾನು ಕೇಳಿ ಇಸಿದುಕೊಳ್ಳುತ್ತಿದ್ದೆ. ಮಕ್ಕಳು ಎಲ್ಲಿಗೆ ಹೋಗುತ್ತಾರೆಂದು ಒಂದು ದಿನವೂ ಯೋಚಿಸಿರಲಿಲ್ಲ. ಲೆಕ್ಕದ ತಾಸಿನಲ್ಲಿ ಯಾರೂ ಏಳಬಾರದು ಎಂಬ ಕಾಯಿದೆಯೂ ನನ್ನದೇ.

ಎರಡು ಜಡೆಯವಳನ್ನು ಬೇವಿನ ಕೆಳಗೆ ಕರೆದು ಕೂರಿಸಿಕೊಂಡೆ. ಓದಿದ ಮಾತು ಹೇಳಿದೆ. "ಆಣಿಯಿಂದ ಯಾರಿಗೂ ಏನೂ ಆಗಂಗಿಲ್ಲ. ನಿಮ್ಮವ್ವಗ ಜಡ್ಡು ಬಂದಿದ್ದು ಬ್ಯಾರೆ. ಕಲಿತವರು ಇದನ್ನ ನಂಬಂಗಿಲ್ಲ."

ಆಕೆ ನನ್ನ ಮುಖ ನೋಡಿದಳು. "ಹಂಗಾರ ನೀವ್ಯಾಕ ಮಾಡ್ಸಿದ್ರಿ?"

ಆಕೆಯ ತಾಯಿಗೆ ಹೆಚ್ಚುಕಮ್ಮಿಯಾದರೆ, ಈ ಹುಡುಗಿ ತಾನೇ ಅವ್ವನನ್ನು ಕೊಂದೆ ಎಂದುಕೊಂಡೇ ದೊಡ್ಡವಳಾಗುತ್ತಾಳೆ. ಯಾರೂ ಆಕೆಯ ಮನಸ್ಸಿನಿಂದ ಅದನ್ನು ಕೀಳಲಾರರು. ಅಲ್ಲಿ ಅದನ್ನು ಇಟ್ಟವಳು ನಾನು.

"ಹಾಕಿದವರ ತಗೀಬೇಕಂತ್ರಿ ಆಣಿ," ಎಂದಳು ಮೆಲ್ಲಗೆ. "ಯಾರ ಮುಂದ ಹಾಕಿದ್ರೋ ಅವರ ಮುಂದನ. ನಮ್ಮಾಯಿ, ಅವ್ವನ ಅವ್ವ, ಹೇಳ್ತಿದ್ಲು."

ನಾನು ಮೊದಲು ಹೆಡ್‌ಮಾಸ್ತರರ ಹತ್ತಿರ ಹೋಗಿ ಸಂಡಾಸಿನ ಕೀಲಿಕೈ ಕೇಳಿದೆ. ಹುಡುಗಿಯರ ಹೆಸರು ಹೇಳದೆ, ನಡೆದದ್ದನ್ನಷ್ಟೇ ಹೇಳಿದೆ.

"ಹುಡುಗ್ರ ಕೈಯಾಗ ಕೊಟ್ರ ಎರಡ ದಿನದಾಗ ಹೊಲಸ ಆಗ್ತೈತ್ರಿ."

"ಆದ್ರ ನಾ ತೊಳೀತೀನ್ರಿ."

"ಮತ್ತ ಸಾಹೇಬ್ರಿಗೆ ಏನಂತ ಬರೀಲಿ?"

"ನನ್ನ ವರ್ಗದಾಗ ಆಗಿದ್ದು, ನಂದ ತಪ್ಪು ಅಂತ ಬರೀರಿ. ಸಹಿ ಮಾಡ್ತೀನಿ."

ಕನ್ನಡಕ ತೆಗೆದು ಒರೆಸಿದರು. "ನಿಮ್ಮ ನೌಕರಿ ಇನ್ನೂ ಕಾಯಂ ಆಗಿಲ್ರಿ ಅಕ್ಕಾರ."

"ಗೊತ್ತೈತ್ರಿ," ಎಂದೆ. ಧ್ವನಿ ಗಟ್ಟಿಯಾಗಿರಲಿಲ್ಲ. ಆ ನೌಕರಿಯ ಹಿಂದೆ ನಮ್ಮಪ್ಪನ ಇಪ್ಪತ್ತು ವರ್ಷದ ಮಗ್ಗವಿತ್ತು.

ಸೂಟಿ ಮುಗಿದ ಮೇಲೆ ಕೀಲಿಕೈಯನ್ನು ವರ್ಗದ ಬಾಗಿಲ ಮೊಳೆಗೆ ಹಾಕಿ ಮಕ್ಕಳಿಗೆ ಹೇಳಿದೆ. "ಗಂಟಿ ಯಾರು ಹೊಡದ್ರಂತ ನನಗ ತಿಳದೈತಿ. ಹೆಸರು ಹೇಳಂಗಿಲ್ಲ, ನೀವೂ ಕೇಳಬ್ಯಾಡ್ರಿ. ಹೊರಗ ಹೋಗಬೇಕಂದವರಿಗೆ ನಾ ಬಿಡಲಿಲ್ಲ. ಅದು ನಂದ ತಪ್ಪು. ಆಣಿ ಹಾಕಿದ್ದು ಎರಡನೇ ತಪ್ಪು. ಅದನ್ನ ತಗೀತೀನಿ." ಮೂವತ್ತೆರಡು ತಲೆಗಳ ಮೇಲೂ ಕೈಯಿಟ್ಟು, ಪ್ರತಿಯೊಬ್ಬರಿಗೂ "ತಗದೆ" ಎಂದೆ. ಸೋದರಮಾವನ ಹುಡುಗ, "ಮಾವಂದೂ ತಗದ್ರೇನ್ರಿ?" ಎಂದ. "ಅವಂದೂ ತಗದೆ," ಎಂದೆ. ಎರಡು ಜಡೆಯವಳ ತಲೆ ನನ್ನ ಕೈಯ ಕೆಳಗೆ ಸುಡುತ್ತಿತ್ತು. ಆಕೆ ನಗಲಿಲ್ಲ.

ಆ ಸಂಜೆ ಬಸ್ಸು ದವಾಖಾನೆಯ ಹತ್ತಿರ ಬಂದಾಗ ಇಳಿದುಬಿಟ್ಟೆ. ಹೆಂಗಸರ ವಾರ್ಡು ಹುಡುಕುವಾಗ ನನ್ನ ಕೈ ನನ್ನ ಗಂಟಲಿನ ಮೇಲಿದ್ದದ್ದು ಮೆಟ್ಟಿಲ ಮೇಲೆ ಅರಿವಿಗೆ ಬಂತು. ಬಿ.ಎ. ಮಾಡಿದವಳು ನಾನು. ಒಂದೊಂದು ಹಾಸಿಗೆಯನ್ನೂ ಹೆದರಿ ಹೆದರಿ ನೋಡಿದೆ. ಕೊನೆಯ ಹಾಸಿಗೆಯ ಮೇಲೆ ಆ ತಾಯಿ ದಿಂಬಿಗೆ ಒರಗಿ ಕೂತಿದ್ದಳು; ತುಟಿಗಳು ಒಣಗಿ ಒಡೆದಿದ್ದವು. ಮುದುಕಿಯೊಬ್ಬಳು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು.

"ಅಕ್ಕಾರ, ನೀವ್ಯಾಕ ಬಂದ್ರಿ? ನಮ್ಮ ಹುಡುಗಿ ಏನರ ಕಿತಾಪತಿ ಮಾಡ್ಯಾಳೇನು?"

"ಇಲ್ಲವ್ವಾ. ನಿನ್ನ ದಾರಿ ಕಾಯಾಕತ್ತಾಳ."

"ಉಣ್ಣಂತ ಹೇಳ್ರಿ ಆಕಿಗೆ."

ಜ್ವರ ಇನ್ನೂ ಬಿಟ್ಟಿಲ್ಲ, ಎರಡು ದಿನ ನೋಡಬೇಕು ಎಂದರು ನರ್ಸಮ್ಮ.

ಬೆಳಿಗ್ಗೆ ಬೇವಿನ ಕೆಳಗೆ ಇಬ್ಬರೂ ನಿಂತಿದ್ದರು. ಈ ಸಲ ಪ್ರಶ್ನೆ ಕೇಳಿದವಳು ಗೆಳತಿ. ಎರಡು ಜಡೆಯವಳು ಆಕೆಯ ಕೈ ಹಿಡಿದುಕೊಂಡಿದ್ದಳು. ಪೂರಾ ಆರಾಮ ಆಗ್ಯಾಳ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ.

"ಒಳಗ ಹೋಗಿದ್ದೆ. ನಿಮ್ಮವ್ವ ಎದ್ದು ಕುಂತಾಳ. ಗಂಜಿ ಕುಡದ್ಲು. ಜ್ವರಾ ಇನ್ನ ಬಿಟ್ಟಿಲ್ಲ, ಎರಡ ದಿನ ನೋಡಬೇಕಂತ. ಉಣ್ಣಂತ ಹೇಳ್ಯಾಳ ನಿನಗ."

ಎರಡು ಜಡೆಯವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ಖರೇನ್ರಿ? ನಿಮ್ಮವ್ವನ ಆಣಿ?"

"ಆಣಿ ಮಾಡಂಗಿಲ್ಲ," ಎಂದೆ. "ಹಂಗ ಹೇಳಾಕತ್ತೀನಿ."

ಆಕೆ ಚೀಲ ಇಳಿಸಿ, ಕಟ್ಟೆಯ ಮೇಲೆ ಕೂತು, ಬುತ್ತಿಯ ಗಂಟು ಬಿಚ್ಚಿದಳು. ರೊಟ್ಟಿ ಮುರಿದು ಅರ್ಧ ಗೆಳತಿಗೆ ಕೊಟ್ಟಳು. ಗಂಟೆ ಬಾರಿಸುವ ಹೊತ್ತಾಗಿತ್ತು. ಅವರು ತಿಂದು ಮುಗಿಸುವ ತನಕ ನಾನು ಬಾರಿಸಲಿಲ್ಲ.