ಅಕ್ಕ ಕೇಳಿದ ಮುಖ

ಮೊನ್ನೆ ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಕೋತಿಯೊಂದು ನನ್ನ ಕೈಯಲ್ಲಿದ್ದ ಬಾಳೆಹಣ್ಣು ಕಿತ್ತುಕೊಂಡು ಹೋಯಿತು. ಸುತ್ತ ನಿಂತಿದ್ದವರು ನಕ್ಕರು. ನಾನು ಹಣ್ಣನ್ನು ಮರೆತು, ಅದರ ಎದೆಗೆ ಮರಿ ಅವಚಿಕೊಂಡಿದೆಯೇ, ಇದ್ದರೆ ಅಲುಗಾಡುತ್ತಿದೆಯೇ ಎಂದು ನೋಡುತ್ತಾ ನಿಂತೆ. ಇದು ನೇಪಾಳದಿಂದ ನನಗೆ ಅಂಟಿಕೊಂಡು ಬಂದ ಚಟ.

ಹೌದು ಸ್ವಾಮಿ, ನಾನೂ ಫಾರಿನ್ನಿಗೆ ಹೋಗಿ ಬಂದವನೇ! ಪಾಸ್‌ಪೋರ್ಟ್ ಕೇಳದ ಫಾರಿನ್ನು, ಅಷ್ಟೇ. ಹೋದ ವರ್ಷ ಯಾತ್ರೆಯವರ ಜೊತೆ ಅಕ್ಕನನ್ನು ಕಠ್ಮಂಡುವಿಗೆ ಕರೆದುಕೊಂಡು ಹೋಗಿದ್ದೆ. ಗುಡ್ಡದ ಮೇಲಿನ ಗುಡಿಯೊಂದರಲ್ಲಿ ಎಲ್ಲಿ ನೋಡಿದರೂ ಕೋತಿ. "ದುರ್ಗದ ಕೋಟೇಲಿ ಇಲ್ಲದ ಕೋತಿನಾ? ಇವನ್ನ ನೋಡಾಕೆ ಇಷ್ಟು ದೂರ ಬಂದ್ವೇನಲೇ?" ಎಂದು ಅಕ್ಕ ರೇಗಿಸಿದಳು. ಆಮೇಲೆ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದು ನಿಲ್ಲಿಸಿದಳು. ಮೆಟ್ಟಿಲ ಮೇಲೆ ಕುಳಿತಿದ್ದ ಹೆಣ್ಣು ಕೋತಿಯ ಮಡಿಲಲ್ಲಿ ಸತ್ತ ಮರಿಯಿತ್ತು. ಒಣಗಿ ಬರೀ ಚರ್ಮವಾಗಿತ್ತು. ತಾಯಿ ಅದರ ಕೂದಲು ಬಿಡಿಸಿ ಹೇನು ಹುಡುಕುತ್ತಿತ್ತು. ಏಳುವಾಗ ಜೋಪಾನವಾಗಿ ಎತ್ತಿಕೊಂಡೇ ಏಳುತ್ತಿತ್ತು. ಹತ್ತು ದಿನದಿಂದ ಹೀಗೇ ಹೊತ್ತು ತಿರುಗುತ್ತಿದೆ, ಯಾರೂ ಅದರ ತಂಟೆಗೆ ಹೋಗುವುದಿಲ್ಲ ಎಂದು ಹೂ ಮಾರುವವಳು ಹಿಂದಿಯಲ್ಲಿ ಹೇಳಿದಳು.

ಅಕ್ಕ ಅದರ ಎದುರೇ ಮೆಟ್ಟಿಲ ಮೇಲೆ ಕುಳಿತಳು. "ಅದ್ರ ಕೈಯಿಂದ ಯಾರೂ ಕಿತ್ಕಂಡಿಲ್ಲ ನೋಡು," ಎಂದಳು.

ನಾವು ಕುರಿ ಕಾಯುವ ಮನೆತನದವರು. ಸತ್ತ ಮರಿ ಹುಟ್ಟಿದರೆ ತಾಯಿ ಮೂಸುವ ಮೊದಲೇ ಎತ್ತಿ ದೂರ ಒಯ್ಯುವುದು ನಮ್ಮಲ್ಲಿ ರೂಢಿ. ಮೂಸಿತೋ, ನಾಲ್ಕು ದಿನ ಅರಚುತ್ತದೆ, ಮೇವು ಮುಟ್ಟುವುದಿಲ್ಲ. ಮೂವತ್ತು ವರ್ಷದ ಹಿಂದೆ ಬಬ್ಬೂರಿನ ನಮ್ಮ ಮನೆಯಲ್ಲಿ ಅಕ್ಕನ ಚೊಚ್ಚಲ ಕೂಸು ಉಸಿರಿಲ್ಲದೆ ಹುಟ್ಟಿದಾಗ ಅವ್ವ ಅದನ್ನೇ ಮಾಡಿದಳು. ಕೆಡುಕು ಎಣಿಸಿದವಳಲ್ಲ, ಕುರಿಗೆ ಒಳ್ಳೆಯದಾದದ್ದು ಮಗಳಿಗೂ ಒಳ್ಳೆಯದೆಂದು ನಂಬಿದ್ದಳು. ಹಳೇ ಸೀರೆಯಲ್ಲಿ ಸುತ್ತಿ ನನ್ನ ಕೈಗಿಟ್ಟು, "ಹಿಂತಿರುಗಿ ನೋಡದಂಗೆ ಹೋಗು," ಎಂದಳು. ಒಳಗಿನಿಂದ ಅಕ್ಕ "ಒಂದ್ಸಲ ತೋರ್ಸವ್ವಾ" ಎಂದು ಕೂಗುತ್ತಲೇ ಇದ್ದಳು. ಹೊಲದ ಬದುವಿನಲ್ಲಿ ಅಪ್ಪ ಗುಂಡಿ ತೋಡಿ ಕಾಯುತ್ತಿದ್ದ. ಬಟ್ಟೆ ಸರಿಸಿ ನೋಡುವ ಧೈರ್ಯ ನನಗೆ ಬರಲಿಲ್ಲ. ಇಪ್ಪತ್ತು ದಾಟಿದ ಗಂಡಸು, ಮೀಸೆ ಬೇರೆ ತಿರುವುತ್ತಿದ್ದೆ, ಥೂ! ಅವ್ವ, ಅಪ್ಪ ಇಬ್ಬರೂ ಈಗಿಲ್ಲ.

ಆ ಮೆಟ್ಟಿಲ ಮೇಲೆ ಅಕ್ಕ ಮೊದಲ ಸಲ ಕೇಳಿದಳು: "ನೀನೇ ಅಲ್ವಾ ಎತ್ಕಂಡು ಹೋಗಿದ್ದು? ಮಕ ಹೆಂಗಿತ್ತೋ?"

"ನಿನ್ನಂಗೇ ಇತ್ತಕ್ಕ," ಎಂದುಬಿಟ್ಟೆ.

ಅಲ್ಲಿಂದ ಶುರು. ಭರಮಸಾಗರದ ಅವಳ ಮನೆಗೆ ಹೋದಾಗಲೆಲ್ಲ, ಭಾವ ಹೊಲಕ್ಕೆ ಹೊರಡುವುದನ್ನೇ ಕಾದು ಒಂದೊಂದೇ ಕೇಳುತ್ತಾಳೆ. ಕೂದಲಿತ್ತೇ? ಇತ್ತು, ಗುಂಗುರು. ಬಣ್ಣ? ನಮ್ಮಪ್ಪನ ಬಣ್ಣ. ಸುಳ್ಳು ಹೇಳಿ ಹೇಳಿ ಆ ಕೂಸು ನನಗೇ ಕಾಣಿಸತೊಡಗಿದೆ. ಅವಳಿಗೆ ಮೋಸ ಮಾಡುತ್ತಿದ್ದೇನೆಂದು ಅನ್ನ ಸೇರುತ್ತಿರಲಿಲ್ಲ.

ಮೊನ್ನೆ ಬಸ್ಸು ಹತ್ತಿದ್ದು ನಿಜ ಹೇಳಿಬಿಡಬೇಕೆಂದೇ. ಅಕ್ಕ ರೊಟ್ಟಿ ತಟ್ಟುತ್ತಿದ್ದಳು. "ಅಕ್ಕಾ, ಆವತ್ತು ನಾನು..." ಎಂದು ಬಾಯಿ ತೆಗೆದೆ.

"ನೀ ನೋಡಿಲ್ಲ ಅಂತ ನಂಗೊತ್ತೈತೆ ಕಣೋ," ಎಂದಳು, ತಲೆ ಎತ್ತದೆ. "ನಿನ್ ಬಿಟ್ರೆ ಅದ್ನ ಎತ್ಕಂಡೋರು ಇನ್ಯಾರೂ ಉಳಿದಿಲ್ಲ. ಕಣ್ಣು ಹೆಂಗಿದ್ವು, ಹೇಳು."

ಅಳು ತಡೆಯಲಾಗಲಿಲ್ಲ. ದೊಡ್ಡ ಕಣ್ಣು ಅಕ್ಕ, ಎಂದೆ.