ಆಕಳಿನ ಇಪ್ಪತ್ತೆರಡು ಅಕ್ಷರಗಳ ಬೆನ್ನು ಹತ್ತಿದ ಸಪ್ನಾ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಗೋಕಾಕ ಬಸ್ ಸ್ಟ್ಯಾಂಡಿನ ಬಾಜೂ ಇರುವ ತವನಪ್ಪನವರ ಕಂಪ್ಯೂಟರ್ ಅಂಗಡಿಯ ಶಟರ್ ಅರ್ಧ ಎದ್ದಿದೆ. ಒಳಗಿನ ನಾಲ್ಕು ಕಂಪ್ಯೂಟರುಗಳಲ್ಲಿ ಒಂದರ ಮುಂದೆ ಸಪ್ನಾ ಕೂತಿದ್ದಾಳೆ. ‘ಅವರು’ ಎಂದು ಬರೆದರೆ ಸಿಟ್ಟಾಗುತ್ತಾಳಂತೆ, ಹಾಗಾಗಿ ಅವಳೆಂದೇ ಬರೆಯುತ್ತಿದ್ದೇನೆ. ಮಸಗುಪ್ಪಿಯಿಂದ ಮೊದಲ ಬಸ್ಸಿಗೆ, ಹಾಲಿನ ಕ್ಯಾನುಗಳ ನಡುವೆ ನಿಂತು ಬಂದಿದ್ದಾಳೆ. ಒಂಬತ್ತಕ್ಕೆ ಕರೆಂಟು ಹೋಗುತ್ತದೆ. ಈ 2008ರ ಬೇಸಿಗೆಯಲ್ಲಿ ಅದೊಂದು ಮಾತ್ರ ತಪ್ಪದೆ ಸಮಯ ಪಾಲಿಸುತ್ತಿದೆ.

ಪರದೆಯ ತುಂಬ ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳ ಸಾಲುಗಳು. ಇದು ಆಕಳಿನ ವಂಶವಾಹಿಯ ಬರಹ. ಹೊರದೇಶದ ವಿಜ್ಞಾನಿಗಳು ಓದಿ, ಯಾರು ಬೇಕಾದರೂ ನೋಡಲೆಂದು ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಅದರೊಳಗೆ ಸುಮಾರು ಇಪ್ಪತ್ತೆರಡು ಅಕ್ಷರದಷ್ಟೇ ಉದ್ದದ ಮೈಕ್ರೊ ಆರ್‌ಎನ್‌ಎ ತುಣುಕುಗಳ ಗುರುತು ಅಡಗಿರುತ್ತದೆ. ಅಯ್ಯೋ, ನನ್ನ ತಲೆಗಂತೂ ಹೋಗಲಿಲ್ಲ ಬಿಡಿ. ಸಪ್ನಾ ನಕ್ಕು ಬಿಡಿಸಿ ಹೇಳಿದಳು.

“ಅಕ್ಕಾರ, ಜೀನ್ ಅಂದ್ರ ಕೆಲಸಾ ಹೇಳೂ ಯಜಮಾನ ಇದ್ದಂಗ. ಈ ಸಣ್ಣ ತುಣುಕ ಹೋಗಿ ಅವನ ಬಾಯಿ ಮುಚ್ಚಿಸ್ತೈತಿ. ಯಾವ ತುಣುಕ ಯಾರ ಬಾಯಿ ಮುಚ್ಚಿಸ್ತೈತಿ ಅಂತ ಕಂಪ್ಯೂಟರದಾಗ ಅಂದಾಜ ಮಾಡೂದ ನನ್ನ ಕೆಲಸ. ಖರೇನೋ ಸುಳ್ಳೋ ಲ್ಯಾಬಿನವ್ರ ನೋಡ್ತಾರ.”

ಕೂದಲಿಗೆ ಸಿಕ್ಕಿಸುವ ಪಿನ್ನಿನ ಹಾಗೆ ತನ್ನ ಮೇಲೇ ಮಡಚಿಕೊಳ್ಳಬಲ್ಲ ಸಾಲುಗಳನ್ನು ಮೊದಲು ಆರಿಸಬೇಕು. ದಿನಕ್ಕೆ ನಲವತ್ತು ಸಾಲು ನೋಡಿದರೆ ಮೂವತ್ತೈದು ಕಸ. ಉಳಿದ ಐದರಲ್ಲೂ ಮೂರು ಮರುದಿನ ಬಿದ್ದುಹೋಗುತ್ತವೆ. ನಾನಾಗಿದ್ದರೆ ಮೂರನೇ ದಿನಕ್ಕೇ ಕೈ ಮುಗಿದು ಎದ್ದು ಬರುತ್ತಿದ್ದೆ.

ಅವ್ವ ರಾಯವ್ವ ಊರವರ ಹೊಲಗಳಲ್ಲಿ ಕಬ್ಬಿನ ಕಳೆ ತೆಗೆದು ಮಗಳನ್ನು ಧಾರವಾಡದಲ್ಲಿ ಎಂ.ಎಸ್ಸಿ. ಓದಿಸಿದವರು. ಮನೆಯಲ್ಲಿದ್ದ ಒಂದೇ ಆಕಳಿಗೆ ಕೆಚ್ಚಲು ಬಾವು ಬಂದು ಎರಡು ಮೊಲೆ ಬತ್ತಿಹೋದವು. ಸಪ್ನಾ ಹುಡುಕುತ್ತಿರುವುದೂ ಆ ಕೆಚ್ಚಲು ಬಾವಿಗೆ ಸಂಬಂಧಿಸಿದ ತುಣುಕುಗಳನ್ನೇ. ದೂರದ ನಗರದ ಒಂದು ಪ್ರಯೋಗಾಲಯ ಕೊಟ್ಟ ಒಂದು ವರ್ಷದ ತಾತ್ಕಾಲಿಕ ಕೆಲಸವಿದು. ರಾಯವ್ವನಿಗೆ ಇದೆಲ್ಲ ತಮಾಷೆ. “ಎಲ್ಲಾರ ಮಕ್ಕಳು ಅಡವ್ಯಾಗ ದನಾ ಕಾಯ್ತಾವ, ನನ್ನ ಮಗಳು ಡಬ್ಬಿಯೊಳಗ ದನಾ ಕಾಯಾಕತ್ತಾಳ,” ಎನ್ನುತ್ತಾರೆ. ಹೇಳುವಾಗ ಮುಖದಲ್ಲಿನ ಹೆಮ್ಮೆ ಮುಚ್ಚಿಡಲಾಗುವುದಿಲ್ಲ.

ಫೆಬ್ರುವರಿಯಲ್ಲಿ ಸಪ್ನಾ ಅರವತ್ತೆರಡು ತುಣುಕುಗಳ ಪಟ್ಟಿ ಕಳಿಸಿದಳು. ಲ್ಯಾಬಿನ ಮುಖ್ಯಸ್ಥೆ ಭೇಷ್ ಅಂದರು, ಅದರಲ್ಲಿ ಎಂಟನ್ನು ಪರೀಕ್ಷೆಗೆ ಆರಿಸಿಯೂ ಬಿಟ್ಟರು. ತಿಂಗಳ ನಂತರ ಒಂದು ಮುಂಜಾನೆ ಇವಳು ಪಟ್ಟಿಯನ್ನು ಮತ್ತೆ ತೆರೆದು ನೋಡಿದಳು. ಪಟ್ಟಿಯ ಎರಡು ತುಣುಕುಗಳ ವಿಳಾಸ, ಅಂದರೆ ಡಿಎನ್‌ಎಯಲ್ಲಿ ಅವು ಇರುವ ಜಾಗ, ಒಂದೇ ಆಗಿತ್ತು!

ಡಿಎನ್‌ಎಗೆ ಎರಡು ಎಳೆ. ಒಂದು ಎಳೆಯಲ್ಲಿ ಪಿನ್ನಿನಂತೆ ಮಡಚಿಕೊಳ್ಳುವ ಜಾಗ, ಎದುರಿನ ಎಳೆಯನ್ನು ತಿರುವಿ ಓದಿದಾಗಲೂ ಹಾಗೆಯೇ ಕಾಣುತ್ತದೆ. ಸಪ್ನಾ ಎರಡೂ ಎಳೆ ಓದಿದ್ದಳು, ಎರಡನ್ನೂ ಲೆಕ್ಕಕ್ಕೆ ಹಿಡಿದಿದ್ದಳು. “ಮುಂಬಾಗಲದಾಗ ನಿಂತ ಒಂದ ಮನಿ ಅಂದೆ, ಹಿತ್ತಲ ಬಾಗಲದಾಗ ನಿಂತ ಇನ್ನೊಂದ ಮನಿ ಅಂದೆ. ಇದ್ದಿದ್ದ ಒಂದ ಮನಿ.” ಮತ್ತೆ ಎಣಿಸಿದರೆ ಅರವತ್ತೆರಡು ಹೋಗಿ ಮೂವತ್ತೇಳು. ಪರೀಕ್ಷೆಗೆ ಆರಿಸಿದ ಎಂಟರಲ್ಲಿ ಮೂರು, ಹಿತ್ತಲ ಬಾಗಿಲಿಂದ ನೋಡಿ ಬರೆದ, ತಪ್ಪು ಎಳೆಯ ತುಣುಕುಗಳು.

ಯಾರೂ ಕೇಳಿರಲಿಲ್ಲ. ಸುಮ್ಮನಿದ್ದರೆ ಮುಂದಿನ ವರ್ಷವೂ ಕೆಲಸ ಖಾತ್ರಿಯಿತ್ತು. ಸಪ್ನಾ ಅದೇ ದಿನ ಎಸ್‌ಟಿಡಿ ಬೂತಿನಿಂದ ಲ್ಯಾಬಿನ ಮುಖ್ಯಸ್ಥೆಗೆ ಫೋನ್ ಮಾಡಿ ಎಲ್ಲ ಹೇಳಿದಳು. ಆ ಕಡೆಯಿಂದ ಸಿಡುಕು, ಆಮೇಲೆ ಒಂದು ವಾಯಿದೆ: ಹದಿನೈದು ದಿನದೊಳಗೆ ಪಟ್ಟಿ ಪೂರ್ತಿ ಮತ್ತೆ ಮಾಡಿ, ಪರೀಕ್ಷೆಗೆ ಹೊಸದಾಗಿ ಎಂಟು ತುಣುಕು ಆರಿಸಿ ಕೊಡಬೇಕು, ಇಲ್ಲವಾದರೆ ಕೆಲಸ ಬೇರೆಯವರಿಗೆ.

“ನಾನಽ ಬೈದೇನ್ರಿ ಅಕಿಗಿ,” ಎನ್ನುತ್ತಾರೆ ತವನಪ್ಪ. “ಕೆಲಸ ಕಳಕೊಳ್ಳಾಕ ಯಾಕ ಹೇಳಾಕ ಹ್ವಾದಿ ಅಂದೆ. ‘ಕಾಕಾ, ಮುಂಜಾನಿ ಅಂಗಡಿ ಕೀಲಿ ಕೊಡ್ತೀರೇನ್ರಿ?’ ಅಂದ್ಲು. ಏನ್ಮಾಡ್ಲಿ, ಕೊಟ್ಟೆ.”

ಇಂದು ಹದಿಮೂರನೇ ದಿನ. ಮೂವತ್ತೇಳನ್ನೂ ಸರಿಯಾದ ಎಳೆಗೆ ಕೂಡಿಸಿಯಾಗಿದೆ. ಬಾವಿನ ಜೀನುಗಳಿಗೆ ತಾಳೆಯಾಗುವ ಹೊಸ ಎಂಟರಲ್ಲಿ ಏಳು ಸಿಕ್ಕಿವೆ. ಒಂಬತ್ತಕ್ಕೆ ಐದು ನಿಮಿಷವಿರುವಾಗ ಎಂಟನೆಯದೂ ತಾಳೆಯಾಯಿತು. ಸಪ್ನಾ ಎರಡು ಸಲ ವಿಳಾಸ ನೋಡಿದಳು, ಬೆರಳಿಟ್ಟು ಮೂರನೆಯ ಸಲ ನೋಡಿದಳು, ಮೇಲ್ ಕಳಿಸಿಬಿಟ್ಟಳು. ನನ್ನ ಕಣ್ಣಲ್ಲಿ ನೀರು ಬಂತು, ಅವಳ ಕಣ್ಣಲ್ಲಿ ಬರಲಿಲ್ಲ.

ಹೇಳದೆ ಇದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಎಂದು ಕೇಳಿದೆ.

“ಲ್ಯಾಬಿನವ್ರ ಆಕಳ ಕೆಚ್ಚಲಕ್ಕ ಸೂಜಿ ಚುಚ್ಚಿ ಚೂರ ತಗೀತಾರ್ರಿ. ನನ್ನ ತಪ್ಪಿಗೆ ಸುಮ್ಮಸುಮ್ಮನ ಚುಚ್ಚಿಸಿಕೊಳ್ಳಾಕ ಅದೇನ ಪಾಪ ಮಾಡಿತ್ರಿ?”

ಕರೆಂಟು ಹೋಯಿತು. ಇಷ್ಟು ಮಾಡಿದ್ದಕ್ಕೆ ಏನು ಆಸೆ ಎಂದರೆ, ಚೀಲ ಹೆಗಲಿಗೇರಿಸುತ್ತ ಅಂದಳು: “ಎಂಟರಾಗ ಒಂದ ಖರೇ ಆದ್ರ ಸಾಕ್ರಿ. ಒಂದೂ ಆಗ್ಲಿಲ್ಲಂದ್ರ ಬ್ಯಾರೇ ಎಂಟ ಹುಡುಕ್ತೇನಿ.”