ಆಯುಧಪೂಜೆಯ ದಿನದ ಮೂವತ್ತೆಂಟು ನಿಮಿಷ

ಮಾರ್ಚ್ 8, ಭಾನುವಾರ. ಬೆಳಿಗ್ಗೆ 6:40.

ನಾನು ನನ್ನ ಅತ್ತಿಗೆಗೆ ಸುಳ್ಳು ಹೇಳಿದ್ದೇನೆ. ಹೇಳಿ ಎರಡೂವರೆ ವರ್ಷವಾಯಿತು. ಹಲಸೂರಿನ ನಮ್ಮ ಬಾಡಿಗೆ ಮನೆಯಿಂದ ಕೆ.ಆರ್. ಪುರದ ಆಚೆಯ ಈ ಹೊಸ ಮನೆಗೆ ಕಾರಿನಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅವರು ಕೇಳಿದ್ದರು. ಆ ಒಂದು ಪ್ರಶ್ನೆಗೆ ನಾನು ಕೊಟ್ಟ ಉತ್ತರವೇ ಆ ಸುಳ್ಳು. ಅದನ್ನು ನಂಬಿ ಅವರು ಹಲಸೂರು ಬಿಟ್ಟರು.

ಬರೆಯಲು ಕೂತಿದ್ದೇನೆ. ಭಯವಿದೆ, ಆದರೆ ಬರೀ ಭಯವಲ್ಲ — ನಿನ್ನೆ ಹಲಸೂರಿನಲ್ಲಿ ಕಂಡದ್ದು ಇನ್ನೂ ಮೈಯಲ್ಲಿ ಓಡುತ್ತಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲಿನಿಂದ ಹೇಳಬೇಕು, ಇಲ್ಲದಿದ್ದರೆ ಅರ್ಧ ಹೇಳಿ ಉಳಿದರ್ಧವನ್ನು ಮತ್ತೆ ಬಚ್ಚಿಡುತ್ತೇನೆ.

ನನಗೆ ಇಪ್ಪತ್ತೈದು. ಹತ್ತನೇ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬಂತು, ಯಾವ ತಿಂಗಳು ಎಷ್ಟು ದಿನ ನೀರು ಬರಲಿಲ್ಲ, ಎಲ್ಲ ನನಗೆ ಗೊತ್ತು. ಅಣ್ಣ ನಗುತ್ತಾನೆ. ಆದರೆ ನಾನು ಒಂದು ಸಂಖ್ಯೆ ಹೇಳಿದರೆ ಮನೆಯಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ. ಈ ನಂಬಿಕೆಯನ್ನೇ ನಾನು ಬಳಸಿಕೊಂಡದ್ದು.

ಅತ್ತಿಗೆಯ ಹೆಸರು ಭಾಗ್ಯ. ಸೀರೆಗೆ ಕುಚ್ಚು ಕಟ್ಟುತ್ತಾರೆ. ಸೆರಗಿನ ತುದಿಯ ಎಳೆಗಳನ್ನು ರೇಷ್ಮೆ ದಾರ ಸೇರಿಸಿ ಗಂಟು ಹಾಕಿ, ನಡುವೆ ಮುತ್ತು ಕೂರಿಸಿ, ಸಾಲಾಗಿ ತೂಗುಬಿಡುವ ಕೆಲಸ. ಹಲಸೂರಿನಲ್ಲಿ ನಮ್ಮದು ಮಾರ್ಕೆಟ್ ಹಿಂದಿನ ಓಣಿಯ ಮೊದಲ ಮಹಡಿ. ಕಿಟಕಿಗೆ ಹಗ್ಗ ಕಟ್ಟಿದ ಒಂದು ಬುಟ್ಟಿ ಇತ್ತು. ಮೆಟ್ರೊ ಇಳಿದು ಮನೆಗೆ ಹೋಗುವ ಹೆಂಗಸರು ಕೆಳಗೆ ನಿಂತು ಕೂಗುತ್ತಿದ್ದರು, “ಭಾಗ್ಯಾ, ಬುಟ್ಟಿ ಬಿಡಮ್ಮಾ.” ಸೀರೆ ಮೇಲೆ ಬರುತ್ತಿತ್ತು, ಮುಗಿದ ಸೀರೆ ಕೆಳಗೆ ಇಳಿಯುತ್ತಿತ್ತು, ಅದರ ಹಿಂದೆ ಒಂದು ಗಂಟೆ ಮಾತು. ದಾರಕ್ಕೆ ವಾರಕ್ಕೆರಡು ಸಲ ಶಿವಾಜಿನಗರ. ರಸೆಲ್ ಮಾರುಕಟ್ಟೆ ದಾಟಿದರೆ ಅವರ ದಾರದ ಅಂಗಡಿ. ಅಂಗಡಿಯ ದೀಪದಲ್ಲಿ ಬಣ್ಣ ಸುಳ್ಳು ಹೇಳುತ್ತದೆ ಎಂದು ಅತ್ತಿಗೆ ದಾರದ ಉಂಡೆಯನ್ನೂ ಸೀರೆಯನ್ನೂ ಬೀದಿಯ ಬಿಸಿಲಿಗೆ ತಂದು ಹಿಡಿದು ನೋಡುತ್ತಿದ್ದರು. ಅಂಗಡಿಯವರು ಒಳಗಿನಿಂದ ಕೇಳುತ್ತಿದ್ದರು, “ಏನಂತಾನೆ ಸೂರ್ಯ? ಒಪ್ಪಿದ್ನಾ?”

ಮಾಲೂರಿನಿಂದ ಮದುವೆಯಾಗಿ ಬಂದಾಗ ರಸ್ತೆ ದಾಟಲು ನನ್ನ ಕೈ ಹಿಡಿಯುತ್ತಿದ್ದವರು ಅವರು. ಎರಡೇ ವರ್ಷದಲ್ಲಿ ಹಲಸೂರು, ಶಿವಾಜಿನಗರ ಸೇರಿ ಇಡೀ ಕಂಟೋನ್ಮೆಂಟ್ ಅವರದಾಗಿತ್ತು.

ಅಣ್ಣ ಕೆ.ಆರ್. ಪುರದಾಚೆ, ಗೇಟು ಹಾಕಿದ ಒಂದು ಲೇಔಟಿನಲ್ಲಿ ಮನೆ ನೋಡಿ ಬಂದ. ಗಿಡ, ಗಾಳಿ, ಎರಡು ಮಹಡಿ. ಬಿಳಿ ಕಾರು ಅದಕ್ಕೂ ಮೊದಲೇ ಬಂದಿತ್ತು. ಅತ್ತಿಗೆ ಬೇಡವೆನ್ನಲಿಲ್ಲ. ಒಂದೇ ಷರತ್ತು ಹಾಕಿದರು.

“ನನ್ನ ಗಿರಾಕಿಗಳೆಲ್ಲ ಇಲ್ಲೇ ಇರೋದು ರೀ. ಮುಕ್ಕಾಲು ಗಂಟೆ ಒಳಗೆ ಬಂದು ಹೋಗೋಕಾದ್ರೆ ನಂಗೆ ಒಪ್ಪಿಗೆ. ಅದಕ್ಕೂ ಮೇಲಾದ್ರೆ ಆ ಮನೆ ಬೇಡ. ನಿಮ್ಮ ಮಾತು ಸಾಲ್ದು. ಪಮ್ಮಿ ನೋಡ್ಕೊಂಡು ಬಂದು ಹೇಳ್ಲಿ.”

ಪಮ್ಮಿ ನಾನು.

ಈಗ ನಾನು ಹೇಗಿದ್ದೆ ಎಂಬುದನ್ನೂ ಹೇಳಬೇಕು. ನಾನು ಹಾಲ್‌ನಲ್ಲಿ ಸೀರೆಯ ಕಟ್ಟುಗಳ ನಡುವೆ ಮಲಗುತ್ತಿದ್ದೆ. ಆ ಹೊಸ ಮನೆಯಲ್ಲಿ ನನಗೊಂದು ಕೋಣೆ, ಕೋಣೆಗೊಂದು ಬಾಗಿಲು, ಬಾಗಿಲಿಗೆ ಒಳಗಿನಿಂದ ಚಿಲಕ — ಅದರ ಕನಸಿನಲ್ಲಿ ನಿದ್ದೆ ಬರುತ್ತಿರಲಿಲ್ಲ. ಡ್ರೈವಿಂಗ್ ಲೈಸೆನ್ಸ್ ಹೊಸದು. ಸ್ಟಿಯರಿಂಗ್ ಹಿಡಿದರೆ ಮೈ ಜುಮ್ಮೆನ್ನುತ್ತಿತ್ತು.

ಒಂದು ಮಂಗಳವಾರ ಸಂಜೆ ಐದಕ್ಕೆ ಹಲಸೂರಿನಿಂದ ಒಬ್ಬಳೇ ಕಾರು ತೆಗೆದೆ. ಇಂದಿರಾನಗರ ದಾಟುವಷ್ಟರಲ್ಲೇ ಕ್ಲಚ್ ಒತ್ತಿ ಒತ್ತಿ ಕಾಲು ನೋಯುತ್ತಿತ್ತು. ಬೆನ್ನಿಗಾನಹಳ್ಳಿಯಿಂದ ಟಿನ್ ಫ್ಯಾಕ್ಟರಿವರೆಗೆ ಪಕ್ಕದ ಬಸ್ಸಿನ ಅದೇ ಕಿಟಕಿಯ ಅದೇ ಮಗು ನನಗೆ ನಾಲಿಗೆ ತೋರಿಸುತ್ತಿತ್ತು. ಕೆ.ಆರ್. ಪುರದ ತೂಗುಸೇತುವೆಯ ಮೇಲೆ ಮುಂದಕ್ಕೆ ಕಂಡಷ್ಟೂ ಕೆಂಪು ದೀಪ. ಆದರೂ ನನಗೆ ಖುಷಿಯೇ ಆಗಿತ್ತು. ಹಾಡು ಹಾಕಿಕೊಂಡು, ತಣ್ಣಗೆ ಕೂತು, ನನ್ನದೇ ಕೋಣೆಯ ಕಡೆಗೆ ಹೋಗುತ್ತಿದ್ದೆ. ಲೇಔಟಿನ ಗೇಟು ಮುಟ್ಟಿದಾಗ ಒಂದು ಗಂಟೆ ಐವತ್ತು ನಿಮಿಷವಾಗಿತ್ತು.

ಆ ರಾತ್ರಿ ದಿನಚರಿಯಲ್ಲಿ ಅದನ್ನು ಬರೆಯಲಿಲ್ಲ. ಅತ್ತಿಗೆ ಕೇಳಿದಾಗ, “ಇನ್ನೂ ಹೋಗಿಲ್ಲ, ಹಬ್ಬದಲ್ಲಿ ನೋಡ್ತೀನಿ” ಎಂದೆ. ಹಬ್ಬದಲ್ಲಿ — ಯಾಕೆ ಹಾಗೆಂದೆ ಎಂದು ನನಗೆ ಆಗಲೇ ಗೊತ್ತಿತ್ತು.

ಆಯುಧಪೂಜೆಯ ಬೆಳಿಗ್ಗೆ ಕಾರಿಗೆ ಬಾಳೆಕಂದು, ಚೆಂಡುಹೂವು. ಕಾರಿನ ಮುಂದೆ ಒಂದು ತಟ್ಟೆಯಲ್ಲಿ ಅತ್ತಿಗೆಯ ಸೂಜಿಗಳು, ಕತ್ತರಿ, ಕ್ರೋಶಾ ಕಡ್ಡಿ. ಅವಕ್ಕೂ ಅರಿಶಿನ ಕುಂಕುಮ. ಆ ದಿನ ಅವರು ಸೂಜಿ ಮುಟ್ಟುವುದಿಲ್ಲ. ಚಕ್ರದ ಕೆಳಗಿನ ನಿಂಬೆಹಣ್ಣು ಒಡೆದು ನಾನು ಕಾರನ್ನು ಓಣಿಯಿಂದ ಹೊರಗೆ ತೆಗೆಯುವಾಗ ಕಿಟಕಿಯಿಂದ ಕೂಗಿದರು, “ನನ್ನ ಸೂಜಿಗೆ ರಜಾ ಕೊಟ್ಟಿದೀನಿ ಕಣೇ. ನಿನ್ನ ಕಾರಿಗೇನು ಓವರ್‌ಟೈಮ್ ಕೊಡ್ತೀಯಾ?”

ನಕ್ಕು ಹೊರಟೆ. ಅರ್ಧ ಊರು ಹಬ್ಬಕ್ಕೆಂದು ಊರು ಬಿಟ್ಟಿತ್ತು. ರಸ್ತೆಯಲ್ಲಿ ಒಡೆದ ಕುಂಬಳಕಾಯಿಗಳನ್ನು ತಪ್ಪಿಸುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ತೂಗುಸೇತುವೆಯನ್ನು ಹಾರಿದ ಹಾಗೆ ದಾಟಿದೆ. ಮೂವತ್ತೆಂಟು ನಿಮಿಷ.

ವಾಪಸ್ ಬಂದು, ಚಪ್ಪಲಿ ಕೂಡ ಬಿಡದೆ, ಹೊಸ್ತಿಲಲ್ಲಿ ನಿಂತು ಹೇಳಿದೆ:

“ಎರಡು ಸಲ ನೋಡಿದೆ ಅತ್ತಿಗೆ. ಮೂವತ್ತೆಂಟೇ ನಿಮಿಷ.”

ಆ ಮಂಗಳವಾರವೂ ಸೇರಿ ಎರಡು ಸಲ ನೋಡಿದ್ದು ನಿಜ. ಮೂವತ್ತೆಂಟು ನಿಮಿಷವೂ ನಿಜ. ಹೋಗುವಾಗೊಮ್ಮೆ, ಬರುವಾಗೊಮ್ಮೆ ಎಂದು ಅವರು ತಿಳಿಯಲೆಂದೇ ಎರಡನ್ನೂ ಪಕ್ಕಪಕ್ಕ ಇಟ್ಟದ್ದು ನಾನು.

“ಸರಿ ಹಾಗಾದ್ರೆ” ಎಂದರು. ಮನೆ ಖಾಲಿ ಮಾಡುವ ದಿನ ಬುಟ್ಟಿಯ ಹಗ್ಗವನ್ನು ಕಿಟಕಿಯಿಂದ ಅವರೇ ಬಿಚ್ಚಿದರು.

ಇಲ್ಲಿ ಬಂದ ಮೇಲೆ — ಹಾಲು ತರಲೂ ಕಾರು ಬೇಕು. ಗೇಟಿನಾಚೆ ಕಾಲುದಾರಿಯಿಲ್ಲ, ಟಿಪ್ಪರ್ ಲಾರಿಗಳು. ಹುಡುಕಿಕೊಂಡು ಬಂದ ಗಿರಾಕಿಯೊಬ್ಬರನ್ನು ಗೇಟಿನ ಸೆಕ್ಯೂರಿಟಿಯವರು, “ಯಾವ ನಂಬರ್ ಮೇಡಂ? ಮನೆಯವರ ಫೋನಿಂದ ಒಪ್ಪಿಗೆ ಬಂದಿಲ್ವಲ್ಲಾ” ಎಂದು ನಿಲ್ಲಿಸಿದರು. ಅತ್ತಿಗೆ ಓಡಿಹೋಗುವಷ್ಟರಲ್ಲಿ ಅವರು ಸೀರೆಯ ಸಮೇತ ಹಿಂತಿರುಗಿದ್ದರು. ದಾರ ಭಾನುವಾರ ಬೆಳಿಗ್ಗೆ ರಸ್ತೆ ಖಾಲಿಯಿದ್ದಾಗ ಮಾತ್ರ, ಅದೂ ಅಣ್ಣನಿಗೆ ಬಿಡುವಿದ್ದರೆ; ಹಾಗಾಗಿ ನನ್ನ ಲೆಕ್ಕ ಅವರಿಗೆ ಸುಳ್ಳೆನಿಸಲಿಲ್ಲ. ಮೆಟ್ರೊ ಕೆ.ಆರ್. ಪುರಕ್ಕೆ ಬಂದಿತ್ತು ನಿಜ. ಆದರೆ ಅಲ್ಲಿಯವರೆಗೆ ಹೋಗಲು ಕಾರು ಬೇಕು, ಕಾರು ಹತ್ತಿದ ಮೇಲೆ ಯಾಕೆ ಇಳಿಯಬೇಕು ಎನ್ನುತ್ತಿದ್ದ ಅಣ್ಣ. ಹಾಗೆಂದೇ ಯಾರೂ ಇಳಿಯಲಿಲ್ಲ.

ಇಷ್ಟೇ ಆಗಿದ್ದರೆ ಬಹುಶಃ ನಾನು ಇದನ್ನು ಬರೆಯುತ್ತಿರಲಿಲ್ಲ. ಇನ್ನೊಂದಿದೆ.

ಹೋದ ವರ್ಷ ಇಂದಿರಾನಗರದ ಒಂದು ಮದುವೆಯ ಸೀರೆ. ಆರತಕ್ಷತೆಗೆ ಹುಡುಗಿ ಉಡಬೇಕಾದದ್ದು. ಇನ್ನೊಂದು ಸಾಲು ಮುತ್ತು ಬೇಕೆಂದು ಅಂದೇ ಬೆಳಿಗ್ಗೆ ಫೋನ್ ಮಾಡಿದ್ದರು. ಅತ್ತಿಗೆ ಕೂರಿಸಿದರು, ಎರಡು ಮುತ್ತು ಸರಿಯಿಲ್ಲವೆಂದು ಬಿಚ್ಚಿ ಮತ್ತೆ ಕಟ್ಟಿದರು. “ಮುಕ್ಕಾಲು ಗಂಟೆ ಸಾಕು, ಆದ್ರೂ ಒಂದು ಗಂಟೆ ಇಟ್ಕೊಂಡು ಹೊರಡೋಣ” ಎಂದರು. ನಾನು ಕಾರು ಓಡಿಸಿದೆ; ಅವರು ಹಿಂದಿನ ಸೀಟಿನಲ್ಲಿ ದಾರಿಯುದ್ದಕ್ಕೂ ತಲೆ ಬಗ್ಗಿಸಿ ಒಂದೊಂದೇ ಗಂಟು ನೋಡುತ್ತಿದ್ದರು, ವಾಚು ಇದ್ದದ್ದು ನನ್ನ ಕೈಯಲ್ಲಿ. ನಾವು ಛತ್ರ ಮುಟ್ಟುವಾಗ ಹುಡುಗಿ ಬೇರೆ ಸೀರೆ ಉಟ್ಟು ವೇದಿಕೆಯ ಮೇಲೆ ಫೋಟೊಗೆ ನಿಂತಿದ್ದಳು. ಅವಳ ತಾಯಿ ಬೈಯಲಿಲ್ಲ. “ಪರವಾಗಿಲ್ಲ ಬಿಡಿ, ಇನ್ಯಾವಾಗಾದ್ರೂ ಉಟ್ಕೋತಾಳೆ” ಎಂದು ಪೊಟ್ಟಣವನ್ನು ಯಾರದೋ ಕೈಗೆ ಕೊಟ್ಟರು.

ವಾಪಸ್ ಬರುವಾಗ ಅತ್ತಿಗೆ ಹೇಳಿದರು, “ನಾನೇ ತಡ ಮಾಡ್ದೆ ಪಮ್ಮಿ. ಆ ಎರಡು ಮುತ್ತು ಬಿಚ್ಚಿದ್ನಲ್ಲಾ, ಅಲ್ಲೇ ಹೋಯ್ತು.”

ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು. ಆಗಲೇ ಹೇಳಬಹುದಿತ್ತು. ನಾನು ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗಿಸಿದೆ.

ಅಂದಿನಿಂದ ಅವರು ಮದುವೆ ಸೀರೆ ಒಪ್ಪಿಕೊಂಡಿಲ್ಲ. ತಮ್ಮ ಕೈ ನಿಧಾನವಾಗಿದೆ ಎಂದುಕೊಂಡಿದ್ದಾರೆ.

ಈಗ ನಿನ್ನೆಯದು.

ಶನಿವಾರ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಬಂದರು. “ಬಾರೇ, ಹಲಸೂರಿಗೆ. ಕಾರಿಲ್ದೆ.” ಯಾವಾಗ ದಾರಿ ಹುಡುಕಿದ್ದರೋ. ಗೇಟಿನಿಂದ ಮುಖ್ಯರಸ್ತೆಯವರೆಗೆ ಧೂಳಿನಲ್ಲಿ ನಡೆದೆವು. ಅಲ್ಲಿಂದ ಶೇರ್ ಆಟೊ, ಎಂಟು ಜನರ ನಡುವೆ ಅರ್ಧ ಸೀಟು. ಕೆ.ಆರ್. ಪುರದಲ್ಲಿ ಮೆಟ್ರೊ. ರೈಲು ಹೊರಟು ಮೇಲಿನಿಂದ ಕೆಳಗಿನ ರಸ್ತೆ ಕಂಡಾಗ ಅತ್ತಿಗೆ ಗಾಜಿಗೆ ಹಣೆ ಒತ್ತಿ ನಕ್ಕರು.

“ನೋಡೇ ಅಲ್ಲಿ, ನಮ್ಮ ಕುಲಬಾಂಧವರು. ಒಬ್ಬೊಬ್ರಿಗೂ ಒಂದೊಂದು ಕಾರು, ಎಲ್ರೂ ಸೇರಿ ಒಂದಡಿ ಮುಂದಕ್ಕೆ ಹೋಗ್ತಿಲ್ಲ.”

ಹಲಸೂರಿನಲ್ಲಿ ಇಳಿದ ಮೇಲೆ ಅವರ ಹಿಂದೆ ಓಡುವುದೇ ನನಗೆ ಕಷ್ಟವಾಯಿತು. ಈ ಹೆಂಗಸು ಈ ವೇಗವನ್ನು ಇಷ್ಟು ದಿನ ಎಲ್ಲಿ ಮಡಚಿಟ್ಟಿದ್ದರು? ಬೆಲ್ಲದ ಅಂಗಡಿ, ಕೊತ್ತಂಬರಿ ರಾಶಿ, ಎದುರಿಗೆ ಬಂದ ಎತ್ತು, ದೇವಸ್ಥಾನದ ಮುಂದಿನ ಗುಂಪು — ಎಲ್ಲದರ ನಡುವೆ ಸೂಜಿಯ ಹಾಗೆ ತೂರುತ್ತಾ ಹೋದರು. ಹೂ ಕಟ್ಟುವ ಸೆಲ್ವಿಯಕ್ಕ ಮುಖ ಕೂಡ ಎತ್ತದೆ ಕೇಳಿದಳು, “ಯಾವ ಊರಮ್ಮಾ? ಅಡ್ರೆಸ್ ಹೇಳ್ಬೇಕಾ?”

“ಫಾರಿನ್ನು ಕಣಕ್ಕಾ. ಕೆ.ಆರ್. ಪುರದಾಚೆ.”

“ಅದಕ್ಕೇ ಮುಖ ಫ್ರಿಜ್ಜಲ್ಲಿಟ್ಟ ಬದನೆಕಾಯಿ ಥರ ಆಗಿರೋದು. ತಗೋ, ಮುಡ್ಕೋ.”

ಓಣಿಯ ತುದಿಯಲ್ಲಿ ಮುಮ್ತಾಜ್ ಆಪಾ ಅವರ ಬ್ಲೌಸ್ ಹೊಲಿಯುವ ಅಂಗಡಿ. ಶಿವಾಜಿನಗರದವರು, ಅತ್ತಿಗೆಯ ಹಳೆಯ ಸ್ನೇಹ. ಕಿಟಕಿಯ ಪಕ್ಕದ ಮೇಜನ್ನು ಕೈಯಿಂದ ತಟ್ಟಿದರು.

“ಇದು ಖಾಲಿ ಐತೆ ಭಾಗ್ಯ. ಬ್ಲೌಸ್ ನಂದು, ಕುಚ್ಚು ನಿಂದು. ಆದ್ರೆ ಹತ್ತೂವರೆಗೆ ಶಟರ್ ಎತ್ತೋವಾಗ ನೀನು ಇರ್ಬೇಕು, ದಿನಾ. ಆಗಲ್ಲಾಂದ್ರೆ ಸೋಮವಾರನೇ ಹೇಳ್ಬಿಡು. ಇನ್ನೊಬ್ಳು ಕೇಳ್ತಾವ್ಳೆ.”

ಅತ್ತಿಗೆ ಆ ಮೇಜಿನ ಮುಂದೆ ಕೂತು, ಕಿಟಕಿಯ ಬೆಳಕಿಗೆ ಒಂದು ದಾರವನ್ನು ಎತ್ತಿ ಹಿಡಿದರು. ಆ ಮುಖವನ್ನು ನಾನು ಎರಡೂವರೆ ವರ್ಷದಿಂದ ನೋಡಿರಲಿಲ್ಲ. ನನಗೂ ಒಂದೇ ಆಸೆ — ಇವರು ಇಲ್ಲಿಗೆ ಬರಬೇಕು, ಬಂದೇ ಬರಬೇಕು.

ವಾಪಸ್ ಬರುವಾಗ ಪ್ಲಾಟ್‌ಫಾರ್ಮಿನಲ್ಲಿ ಕೇಳಿದರು, “ನೀನು ನೋಡಿ ಹೇಳು ಪಮ್ಮಿ. ದಿನಾ ಹತ್ತೂವರೆಗೆ ಮುಟ್ತೀನಾ? ನೀನು ಹೂಂ ಅಂದ್ರೆ ಆಪಾಗೆ ಹೂಂ ಅಂತೀನಿ.”

ಅದೇ ಮಾತು. ಅದೇ ನಂಬಿಕೆ. ರೈಲು ಬಂತು, ನಾನು ಮೊದಲು ಹತ್ತಿದೆ.

ಬೆಳಿಗ್ಗೆ 9:15.

ಇಲ್ಲಿಯವರೆಗೆ ಬರೆದದ್ದನ್ನು ಅತ್ತಿಗೆಗೆ ಓದಿ ಹೇಳಿದೆ. ಸೆರಗನ್ನು ಮಂಚದ ಅಂಚಿಗೆ ಪಿನ್ನು ಹಾಕಿ ಕುಚ್ಚು ಕಟ್ಟುತ್ತಿದ್ದರು. ಆಯುಧಪೂಜೆಯ ಭಾಗ ಬಂದಾಗಲೂ ಕೈ ನಿಲ್ಲಲಿಲ್ಲ. ಮದುವೆ ಸೀರೆಯ ಭಾಗಕ್ಕೆ ನಿಂತಿತು.

“ಅವತ್ತು ಎಷ್ಟು ಹೊತ್ತಾಯ್ತು, ಆ ಛತ್ರಕ್ಕೆ?”

“ಒಂದು ಗಂಟೆ ನಲವತ್ತು.”

“ಅಂದ್ರೆ ನಾನು ತಡ ಮಾಡಿರ್ಲಿಲ್ಲ.”

“ಇಲ್ಲ ಅತ್ತಿಗೆ.”

ಎದ್ದು ಒಳಗೆ ಹೋದರು. ನಲ್ಲಿ ತಿರುಗಿಸಿದ ಸದ್ದು ಕೇಳಿತು. ನಾನು ಕ್ಷಮೆ ಕೇಳಲು ಬಾಗಿಲಿನವರೆಗೆ ಹೋಗಿ ಹಿಂತಿರುಗಿದೆ — ಕೇಳಿದರೆ ಅದೂ ನನಗಾಗಿಯೇ ಕೇಳಿದ ಹಾಗಾಗುತ್ತಿತ್ತು.

ಹೊರಗೆ ಬಂದವರು ಕೈ ಚಾಚಿದರು. “ವಾಚು ಬಿಚ್ಚು.”

ಬಿಚ್ಚಿ ಕೊಟ್ಟೆ. ತಮ್ಮ ಕೈಗೆ ಕಟ್ಟಿಕೊಂಡರು.

“ನಾಳೆ ಸೋಮವಾರ. ನಾನೇ ಹೋಗಿ ನೋಡ್ಕೋತೀನಿ, ಒಬ್ಳೇ. ನೀನು ಎಣಿಸ್ಬೇಡ. ಬೇಕಾದ್ರೆ ದಿನಾ ಓಡಾಡೋರನ್ನ ಕೇಳಿ ಬರ್ಕೋ.” ಮತ್ತೆ ಸೆರಗಿನ ಮುಂದೆ ಕೂತರು. ನನ್ನ ಕಡೆ ನೋಡಲಿಲ್ಲ. ಈ ಹೊತ್ತಿನವರೆಗೂ ನೋಡಿಲ್ಲ.

ಅದಕ್ಕೇ ದಿನಚರಿಯ ಈ ಪುಟಗಳನ್ನು ಎಲ್ಲರೂ ಓದುವ ಕಡೆ ಹಾಕಿ ಕೇಳುತ್ತಿದ್ದೇನೆ. ಕೆ.ಆರ್. ಪುರದ ಆಚೆಯಿಂದ ಹಲಸೂರಿಗೆ, ಶಿವಾಜಿನಗರಕ್ಕೆ ಕಾರಿಲ್ಲದೆ ದಿನವೂ ಹೋಗಿ ಬರುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ಎಲ್ಲಿ ಹತ್ತುತ್ತೀರಿ, ಎಲ್ಲಿ ಕಾಯುತ್ತೀರಿ, ಬೆಳಿಗ್ಗೆ ಶೇರ್ ಆಟೊ ಸಿಗದಿದ್ದರೆ ಏನು ಮಾಡುತ್ತೀರಿ, ಮಳೆ ಬಂದ ಸೋಮವಾರ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ. ಬಂದದ್ದನ್ನೆಲ್ಲ ಬಂದ ಹಾಗೆಯೇ ಅವರ ಕೈಗೆ ಕೊಡುತ್ತೇನೆ.

ಹಬ್ಬದ ದಿನದ್ದು ಬೇಡ.